ನಮ್ಮ ಟಾರ್ಕ್ ರೆಂಚೂ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ

ಸೆಪ್ಟೆಂಬರ್ 15 ಬಂತು ಅಂದ್ರೆ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಒಂದು ಫೋಟೋ, ಒಂದು ಹಾರ, ಒಂದು ಭಾಷಣ. ನಮ್ಮ ಕಾಲೇಜಿನಲ್ಲೂ ಅಷ್ಟೇ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುವ ನಮಗೆ ಸರ್ ಎಂ. ವಿಶ್ವೇಶ್ವರಯ್ಯ ಅಂದ್ರೆ ಫೋಟೋದಲ್ಲಿರುವ ದೊಡ್ಡ ಮನುಷ್ಯರು ಮಾತ್ರ ಅಲ್ಲ, ಪಕ್ಕದೂರಿನವರು. ಅವರ ಕಥೆಗಳನ್ನು ನಾವು ಅಜ್ಜಿ ಬಾಯಲ್ಲೇ ಕೇಳಿದ್ದೇವೆ. ರೈಲಿನಲ್ಲಿ ಕೂತು ಹೋಗುವಾಗ ಬರೀ ಸದ್ದು ಕೇಳಿಯೇ ಮುಂದೆ ಹಳಿ ಮುರಿದಿದೆ ಅಂತ ಹೇಳಿ ರೈಲು ನಿಲ್ಲಿಸಿದರಂತೆ ಅನ್ನೋ ಕಥೆ ಗೊತ್ತಲ್ಲ? ಜನರ ಬಾಯಿಂದ ಬಾಯಿಗೆ ಹೋಗ್ತಾ ಬೆಳೆದ ಕಥೆ ಅದು. ನಮಗೆಲ್ಲ ಅದೇ ಇಷ್ಟ.

ಈ ವರ್ಷ ನಮಗೆ ಅವರ ಬದುಕನ್ನು ಬೇರೆ ಕಡೆಯಿಂದ ನೋಡಬೇಕು ಅನ್ನಿಸಿತು. ಅದಕ್ಕೆ ಕಾರಣ ಒಂದು ಟಾರ್ಕ್ ರೆಂಚು.

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಪ್ರಾಜೆಕ್ಟಿನ ಗಾಡಿಯನ್ನು ಓಡಿಸಿ ನೋಡುವಾಗ ಹಿಂದಿನ ಚಕ್ರದ ನಟ್ಟುಗಳು ಸಡಿಲವಾದವು. ಚಕ್ರ ಅಲ್ಲಾಡಿದ್ದು ಓಡಿಸುವವನ ಗಮನಕ್ಕೆ ಬಂದು ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ನಟ್ಟು ಬಿಗಿ ಮಾಡಿದ ಗೆಳೆಯನನ್ನು ನಾವೆಲ್ಲ ಸೇರಿ ಬೈದೆವು. ಅವನು ರೆಂಚನ್ನು 80 ನ್ಯೂಟನ್ ಮೀಟರಿಗೆ ಇಟ್ಟು, ಟಕ್ ಅನ್ನುವ ತನಕ ಎಳೆದಿದ್ದೇನೆ ಅಂತ ಎಷ್ಟು ಹೇಳಿದರೂ ನಾವು ಕೇಳಲಿಲ್ಲ. ಒಂದು ವಾರ ಅವನು ವರ್ಕ್‌ಶಾಪಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಡಿಜಿಟಲ್ ಟಾರ್ಕ್ ಅಡಾಪ್ಟರ್ ಕೈಗೆ ಸಿಕ್ಕಿತು. ಅದರಲ್ಲಿ ಏನು ಕಂಡಿತು ಅನ್ನೋದನ್ನು ಮುಂದೆ ಹೇಳ್ತೇವೆ. ಮೊದಲು ಮುದ್ದೇನಹಳ್ಳಿಗೆ ಹೋಗಿಬರೋಣ.

ನಂದಿ ಬೆಟ್ಟದ ಮಗ್ಗುಲಲ್ಲಿರುವ ಈ ಊರಿನಲ್ಲಿ 1861ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯ ಹುಟ್ಟಿದರು. ಕೆಲವರು 1860 ಅಂತಲೂ ಬರೆಯುತ್ತಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಮನೆತನದ ಮೂಲ ಈಗಿನ ಆಂಧ್ರದ ಮೋಕ್ಷಗುಂಡಂ. ಮನೆಮಾತು ತೆಲುಗು, ಊರಿನ ಮಾತು ಕನ್ನಡ. ನಮ್ಮಲ್ಲಿ ಅರ್ಧ ಜನರ ಮನೆಯೂ ಇವತ್ತಿಗೂ ಹಾಗೇ ಅಲ್ವಾ? ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ ಆಯಿತು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮುಂದಿನ ಓದಿಗೆ ಬೆಂಗಳೂರಿಗೆ ಹೋದವರು ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು. ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷ ಬೊಂಬಾಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ.

ನಮ್ಮ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಕೆರೆ ತುಂಬಿದರೆ ಹಬ್ಬ, ಇಲ್ಲದಿದ್ದರೆ ಬೋರ್‌ವೆಲ್ಲು. ಇಂಥ ಒಣ ನೆಲದಿಂದ ಹೋದವರು ಬದುಕಿನ ಬಹುಪಾಲನ್ನು ನೀರಿನ ಲೆಕ್ಕದಲ್ಲೇ ಕಳೆದರು. ಖಾನದೇಶದಲ್ಲಿ ಹೊಳೆಯ ಕೆಳಗೆ ಪೈಪು ಹಾಯಿಸಿ ಕಾಲುವೆಯ ನೀರನ್ನು ಆಚೆ ದಡಕ್ಕೆ ದಾಟಿಸಿದರು. ಸಿಂಧ್ ಪ್ರಾಂತದ ಸಕ್ಕರ್ ಊರಿಗೆ 1894ರಲ್ಲಿ ಹೋದಾಗ ಅಲ್ಲಿ ಕುಡಿಯುವ ನೀರು ಕೆಸರು, ಸೋಸುವ ತೊಟ್ಟಿ ಕಟ್ಟಿಸಲು ಹಣ ಇಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಅಲ್ಲಿನ ಮರಳೇ ನೀರನ್ನು ಸೋಸುವಂತೆ ಮಾಡಿದರು. 1899ರಿಂದ ಪುಣೆಯ ಕಡೆ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿ ತಂದರು. ಜಮೀನನ್ನು ಭಾಗ ಮಾಡಿ, ಬೆಳೆ ಬದಲಿಸುತ್ತಾ, ಅದೇ ನೀರು ಹೆಚ್ಚು ಹಳ್ಳಿಗಳಿಗೆ ಸಿಗುವಂತೆ ಮಾಡುವ ಲೆಕ್ಕ ಅದು.

ನಮ್ಮಂಥ ಮೆಕ್ಯಾನಿಕಲ್ ಹುಡುಗ ಹುಡುಗಿಯರಿಗೆ ಹೆಚ್ಚು ಹಿಡಿಸುವುದು ಖಡಕ್‌ವಾಸ್ಲಾದ ಬಾಗಿಲುಗಳು. ಪುಣೆಗೆ ನೀರು ಕೊಡುವ ಆ ಕೆರೆಯಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ಹೋಗ್ತಿತ್ತು. ಅಣೆಕಟ್ಟೆಯನ್ನು ಎತ್ತರಿಸದೆ, ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅವರು ಕೂರಿಸಿದರು. 1903ರ ಹೊತ್ತಿಗೆ ಕೆಲಸ ಮುಗಿದು, ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಬಾಗಿಲಿಗೆ ಎದುರಾಗಿ ಸಮತೋಲನದ ತೂಕ. ನೀರು ಗೊತ್ತಾದ ಮಟ್ಟಕ್ಕೆ ಬಂದಾಗ ಸಮತೋಲನ ತಪ್ಪಿ ಬಾಗಿಲು ತೆರೆಯುತ್ತೆ, ಇಳಿದಾಗ ಮುಚ್ಚುತ್ತೆ. ಇದಕ್ಕೆ ಪೇಟೆಂಟ್ ಸಿಕ್ಕಿತು. ಮುಂದೆ ಗ್ವಾಲಿಯರಿನ ಟಿಗ್ರಾದಲ್ಲೂ ಕೃಷ್ಣರಾಜಸಾಗರದಲ್ಲೂ ಇದೇ ಬಗೆಯ ಬಾಗಿಲು ಬಂದವು.

ಸ್ವಲ್ಪ ಯೋಚನೆ ಮಾಡಿ. ರಾತ್ರಿ ಮಳೆ ಸುರಿಯುವಾಗ ಹತ್ತಿರ ನಿಂತು ತೆಗೆಯುವವರು ಯಾರೂ ಇಲ್ಲ. ತೂಕದ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆದರೂ ಬಾಗಿಲು ಬೇಗ ತೆರೆದು ನೀರು ಪೋಲಾಗುತ್ತೆ, ಇಲ್ಲವೇ ತಡವಾಗಿ ತೆರೆದು ಕಟ್ಟೆಗೇ ಅಪಾಯ. ಇಲ್ಲಿ ಕೈ ಅಂದಾಜು ನಡೆಯೋದಿಲ್ಲ. ರೈಲಿನ ಕಥೆಯಲ್ಲಿ ಕಿವಿಯೇ ಸಾಕಾಯಿತು. ಅವರು ನಿಜವಾಗಿ ಕಟ್ಟಿದ ಕೆಲಸಗಳಲ್ಲಿ ಕಿವಿ, ಕಣ್ಣು, ಕೈ ಯಾವುದನ್ನೂ ಅಳತೆ ಇಲ್ಲದೆ ನಂಬಿದ್ದು ಕಾಣೋದಿಲ್ಲ.

ಈಗ ನಮ್ಮ ರೆಂಚಿಗೆ ಬರೋಣ. ಟಾರ್ಕ್ ಅಂದ್ರೆ ತಿರುಗಿಸುವ ಬಲ. ಎಳೆದ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದರೆ ಬರುವ ಸಂಖ್ಯೆ. ಟಾರ್ಕ್ ರೆಂಚಿನ ಒಳಗೆ ಒಂದು ಸ್ಪ್ರಿಂಗು. ನಾವು ಇಟ್ಟ ಸಂಖ್ಯೆಗೆ ಬಂದಾಗ ಟಕ್ ಅನ್ನುತ್ತೆ. ಡಿಜಿಟಲ್ ಅಡಾಪ್ಟರನ್ನು ರೆಂಚಿಗೂ ಸಾಕೆಟ್ಟಿಗೂ ನಡುವೆ ಹಾಕಬೇಕು. ಒಳಗಿನ ಸ್ಟ್ರೇನ್ ಗೇಜು ಎಷ್ಟು ಬಲ ಬಿತ್ತು ಅಂತ ತೆರೆಯ ಮೇಲೆ ತೋರಿಸುತ್ತೆ. ಪೀಕ್ ಮೋಡಿನಲ್ಲಿ ಇಟ್ಟರೆ ಟಕ್ ಅಂದ ಹೊತ್ತಿನ ಅತಿ ಹೆಚ್ಚಿನ ಸಂಖ್ಯೆ ಹಾಗೇ ನಿಲ್ಲುತ್ತೆ.

ನಾವು ಒಂದು ದಪ್ಪ ಬೋಲ್ಟನ್ನು ವೈಸಿಗೆ ಕಚ್ಚಿಸಿ, ರೆಂಚನ್ನು ಮೊದಲು ನಾಲ್ಕೈದು ಸಲ ಸುಮ್ಮನೆ ಟಕ್ ಅನ್ನಿಸಿ, ಅಡಾಪ್ಟರಿನ ಸೊನ್ನೆ ನೋಡಿಕೊಂಡು, ಹಿಡಿಯ ನಡುವೆ ಕೈಯಿಟ್ಟು ನಿಧಾನವಾಗಿ ಎಳೆದೆವು. ರೆಂಚು 80ಕ್ಕೆ ಇತ್ತು. ಐದು ಸಲ ಎಳೆದಾಗ ಬಂದದ್ದು 70, 71, 71, 70, 71. ಇಂಥ ರೆಂಚುಗಳಿಗೆ ಐಎಸ್‌ಒ 6789 ಒಪ್ಪುವ ವ್ಯತ್ಯಾಸ ಹೆಚ್ಚೂಕಮ್ಮಿ 4 ಶೇಕಡಾ, ಅಂದ್ರೆ 76.8ರಿಂದ 83.2ರ ಒಳಗೆ ಇರಬೇಕು. ನಮ್ಮದು 11 ಶೇಕಡಾಕ್ಕಿಂತ ಹೆಚ್ಚು ಕಡಿಮೆ. ಐದೂ ಸಲ ಹತ್ತಿರ ಹತ್ತಿರದ ಸಂಖ್ಯೆ ಬಂದಿದ್ದರಿಂದ ಎಳೆದ ಕೈಯದ್ದು ತಪ್ಪಲ್ಲ, ರೆಂಚಿನದ್ದೇ ತಪ್ಪು ಅಂತ ಗೊತ್ತಾಯಿತು. ಸ್ಪ್ರಿಂಗನ್ನು ಹಿಗ್ಗಿಸದೆ, ಹೆಚ್ಚಿನ ಸಂಖ್ಯೆಯಲ್ಲೇ ಬಿಟ್ಟು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇಟ್ಟವರು ನಾವೇ. ಬಳಸಿದ ಮೇಲೆ ಕೆಳಗಿನ ಸಂಖ್ಯೆಗೆ ಇಳಿಸಿಡಬೇಕು ಅನ್ನೋದನ್ನು ಯಾರೂ ಪಾಲಿಸಿರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಅಡಾಪ್ಟರೇ ಸುಳ್ಳು ಹೇಳ್ತಿದ್ರೆ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವ ರೈತರ ಮನೆಯ ಗೆಳತಿಯೊಬ್ಬಳು ಈ ಪ್ರಶ್ನೆ ಎತ್ತಿದಳು. ತಕ್ಕಡಿಗೂ ತೂಕದ ಕಲ್ಲಿಗೂ ಸರಕಾರದ ಮುದ್ರೆ ಇರಬೇಕು ಅನ್ನೋದು ಅವಳಿಗೆ ಮನೆಯಲ್ಲೇ ಗೊತ್ತಿತ್ತು. ಮುದ್ರೆಯಿರುವ 10 ಕಿಲೋ ತೂಕವನ್ನು, ಅಡ್ಡಕ್ಕೆ ಹಿಡಿದ ಸರಳಿನ ಮೇಲೆ ನಡುಬಿಂದುವಿನಿಂದ ಸರಿಯಾಗಿ ಅರ್ಧ ಮೀಟರ್ ದೂರದಲ್ಲಿ ತೂಗುಹಾಕಿದೆವು. ಲೆಕ್ಕದ ಪ್ರಕಾರ 49 ನ್ಯೂಟನ್ ಮೀಟರ್ ಬರಬೇಕು. ಸರಳಿಗೂ ತೂಕ ಇರುತ್ತಲ್ಲ, ಅದಕ್ಕೇ ತೂಕ ಹಾಕುವ ಮುಂಚೆ ಎಷ್ಟು, ಹಾಕಿದ ಮೇಲೆ ಎಷ್ಟು ಅಂತ ನೋಡಿ ವ್ಯತ್ಯಾಸ ತೆಗೆದೆವು. 49.4 ಬಂತು. ಅಡಾಪ್ಟರ್ ನಂಬಬಹುದು. ಇದು ಪ್ರಯೋಗಾಲಯದ ಕ್ಯಾಲಿಬ್ರೇಶನ್ನಿಗೆ ಬದಲಿ ಅಲ್ಲ, ಅನುಮಾನ ಪರಿಹಾರಕ್ಕೆ ಮಾತ್ರ. ರೆಂಚನ್ನು ಸರ್ವಿಸಿಗೆ ಕಳಿಸಿದೆವು. ಗೆಳೆಯನ ಹತ್ತಿರ ಹೋಗಿ ಕ್ಷಮೆ ಕೇಳಿದೆವು.

ಕಾರಣ ನೋಡದೆ ತಪ್ಪು ಹೊರಿಸಿದ ನಮಗೆ ಆಗ ನೆನಪಾದದ್ದು ಹೈದರಾಬಾದಿನ ಕೆಲಸ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಊರಿಗೆ ಊರೇ ಮುಳುಗಿ ಸಾವಿರಾರು ಜನ ಸತ್ತರು. ನಿಜಾಮ್ ಸರಕಾರದ ಕರೆಯ ಮೇಲೆ 1909ರಲ್ಲಿ ವಿಶ್ವೇಶ್ವರಯ್ಯ ಅಲ್ಲಿಗೆ ಹೋದರು. ದೇವರ ಕೋಪ, ವಿಧಿ ಅಂತ ಕೈ ಚೆಲ್ಲಲಿಲ್ಲ. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ನದಿಯ ಮೇಲ್ಭಾಗದ ಕೆರೆಗಳಲ್ಲಿ ಎಷ್ಟು ಒಡೆದವು ಅಂತ ಲೆಕ್ಕ ಹಿಡಿದರು. ಇನ್ನೂರಕ್ಕೂ ಹೆಚ್ಚು ಕೆರೆ ಒಡೆದಿದ್ದವು. ಆ ಲೆಕ್ಕದ ಮೇಲೆಯೇ ಊರಿನ ಮೇಲ್ಗಡೆ ಪ್ರವಾಹ ತಡೆಯುವ ಎರಡು ಜಲಾಶಯಗಳ ಸಲಹೆ ಬಂತು. ಇವತ್ತಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅವೇ.

ಅದೇ 1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಕಟ್ಟೆ ಕೆಲಸ ಶುರುವಾಯಿತು. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ನಮ್ಮ ಹಳೇ ಕೋಲಾರ ಜಿಲ್ಲೆಯ ಚಿನ್ನದ ಗಣಿಗೆ ಹೋಗ್ತಿತ್ತು. ಬೇಸಿಗೆಯಲ್ಲೂ ಅದು ನಿಲ್ಲಬಾರದು, ಮಂಡ್ಯದ ಹೊಲಕ್ಕೂ ನೀರು ಬೇಕು ಅನ್ನೋದು ಯೋಜನೆಯ ಹಿಂದಿನ ಲೆಕ್ಕ. ಮದರಾಸು ಸರಕಾರ ಮೊದಲು ಕಡಿಮೆ ಎತ್ತರಕ್ಕೆ ಮಾತ್ರ ಒಪ್ಪಿತು. ಆದರೂ ಮುಂದಿನ ಪೂರ್ಣ ಎತ್ತರ ಹೊರುವಷ್ಟು ಅಗಲದ ಪಾಯ ಹಾಕಿಸಿದರು. 1912ರಿಂದ 1918ರ ತನಕ ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿದವು.

ಇಲ್ಲೊಂದು ಮಾತು ಮುಚ್ಚಿಡಬಾರದು. ಹಿಂದುಳಿದ ಸಮುದಾಯಗಳಿಗೆ ಸರಕಾರಿ ಕೆಲಸದಲ್ಲಿ ಪಾಲು ಕೊಡುವ ವಿಚಾರ ಬಂದಾಗ ಅವರು ಅರ್ಹತೆಯೊಂದೇ ಅಳತೆ ಅಂತ ಹಿಡಿದರು. ಆ ಭಿನ್ನಾಭಿಪ್ರಾಯದಲ್ಲೇ ದಿವಾನಗಿರಿ ಬಿಟ್ಟರು. ಅಡಾಪ್ಟರ್ ಹಿಡಿದು ಕೂತಾಗ ನಮಗೆ ಇದೂ ಹೊಳೆಯಿತು: ಅಳೆಯುವ ಮುಂಚೆ ಸೊನ್ನೆ ಸರಿ ಇದೆಯಾ ಅಂತ ನೋಡಬೇಕು. ಶಾಲೆಯ ಬಾಗಿಲೇ ಮುಚ್ಚಿದ್ದವರಿಗೂ ತಲೆಮಾರುಗಳಿಂದ ಓದಿದವರಿಗೂ ಸೊನ್ನೆ ಒಂದೇ ಕಡೆ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಇವತ್ತು ಎಂಜಿನಿಯರಿಂಗ್ ಓದ್ತಿರೋದು ಆ ಸೊನ್ನೆಯನ್ನು ಆಮೇಲೆ ಬೇರೆಯವರು ಸರಿಪಡಿಸಿದ್ದರಿಂದ. ಹೀಗೆ ಹೇಳಿದರೆ ಅವರ ಗೌರವ ಕಡಿಮೆ ಆಗೋದಿಲ್ಲ. ಅವರ ದಾರಿಯಲ್ಲೇ ಅವರನ್ನೂ ಅಳೆದಂತಾಯಿತು.

ದಿವಾನಗಿರಿ ಬಿಟ್ಟ ಮೇಲೂ ಕೂರಲಿಲ್ಲ. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ 1929ರ ತನಕ ನೋಡಿಕೊಂಡು ದಾರಿಗೆ ತಂದರು. ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನು ಕೈಕೆಲಸ ಕಲಿಸುವ ಸಂಸ್ಥೆಗೆ ಕೊಡಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹಾಗೆ ಬಂತು. ಅಂದ್ರೆ ಅವರ ಹಣ ಹೋಗಿದ್ದು ಸ್ಪ್ಯಾನರ್ ಹಿಡಿಯುವವರನ್ನು ತಯಾರು ಮಾಡಲು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಸಮಾಧಿ ಇರೋದು ಹುಟ್ಟೂರಿನಲ್ಲೇ.

ಮುಂದಿನ ಸೆಪ್ಟೆಂಬರ್ 15ಕ್ಕೆ ಹಾರ ಹಾಕೋಣ, ಬೇಡ ಅನ್ನೋದಿಲ್ಲ. ಜೊತೆಗೆ ಅವತ್ತೇ ವರ್ಕ್‌ಶಾಪಿನ ಎಲ್ಲ ಟಾರ್ಕ್ ರೆಂಚುಗಳನ್ನೂ ವೈಸಿನ ಮುಂದೆ ತಂದು, ಮೇಲಿನ ಮಿತಿಯ 20, 60, 100 ಶೇಕಡಾದಲ್ಲಿ ಐದೈದು ಸಲ ಎಳೆದು ಪುಸ್ತಕದಲ್ಲಿ ಬರೆದಿಡೋಣ ಅಂತ ನಮ್ಮ ಕನ್ನಡ ಸಂಘ ತೀರ್ಮಾನ ಮಾಡಿದೆ. ಮೊದಲ ರೆಂಚನ್ನು ಎಳೆಯೋದು ನಾವು ಬೈದ ಆ ಗೆಳೆಯನೇ. ಜೂನಿಯರ್‌ಗಳು ಬನ್ನಿ. ಬರುವಾಗ ಒಂದು ನೋಟ್‌ಬುಕ್ ತನ್ನಿ.