ಕಾರ್ಲ್ ಫರ್ಡಿನಾಂಡ್ ಬ್ರೌನ್

ಕಾರ್ಲ್ ಫರ್ಡಿನಾಂಡ್ ಬ್ರೌನ್ (6 ಜೂನ್ 1850 – 20 ಏಪ್ರಿಲ್ 1918) ಜರ್ಮನಿಯ ಭೌತವಿಜ್ಞಾನಿ. ನಿಸ್ತಂತು ಟೆಲಿಗ್ರಾಫಿಯ ಬೆಳವಣಿಗೆಗೆ ನೀಡಿದ ಕೊಡುಗೆಗಾಗಿ 1909ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಗುಗ್ಲಿಯೆಲ್ಮೊ ಮಾರ್ಕೋನಿಯವರೊಂದಿಗೆ ಹಂಚಿಕೊಂಡರು. ಟೆಲಿವಿಷನ್ ಪರದೆಗೆ ಮೂಲವಾದ ಕ್ಯಾಥೋಡ್ ಕಿರಣ ನಳಿಕೆಯಿಂದಾಗಿ ಇವರ ಹೆಸರು ಹೆಚ್ಚು ಪರಿಚಿತವಾಗಿದೆ. ಹಲವು ಆಂಟೆನಾಗಳನ್ನು ಒಟ್ಟಾಗಿ ದುಡಿಸಿ ರೇಡಿಯೊ ಅಲೆಗಳನ್ನು ಬೇಕಾದ ದಿಕ್ಕಿಗೆ ಕಳುಹಿಸಬಹುದೆಂದು 1905ರಲ್ಲಿ ತೋರಿಸಿದವರೂ ಇವರೇ. ಇಂದಿನ ಮೊಬೈಲ್ ಜಾಲಗಳ ಬಹು-ಆಂಟೆನಾ ವ್ಯವಸ್ಥೆಯ ಒಂದು ಬೇರು ಆ ಪ್ರಯೋಗದಲ್ಲಿದೆ.

ಜನನ, ವಿದ್ಯಾಭ್ಯಾಸ ಮತ್ತು ವೃತ್ತಿ

ಬ್ರೌನ್ ಅವರು ಫುಲ್ಡಾ ಪಟ್ಟಣದಲ್ಲಿ ಜನಿಸಿದರು. ಮಾರ್ಬರ್ಗ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿ, 1872ರಲ್ಲಿ ಬರ್ಲಿನ್‌ನಿಂದ ಡಾಕ್ಟರೇಟ್ ಪದವಿ ಪಡೆದರು. 1874ರಲ್ಲಿ ಲೈಪ್‌ಜಿಗ್ ನಗರದ ಶಾಲೆಯೊಂದರಲ್ಲಿ ಅಧ್ಯಾಪಕರಾದರು. ಮುಂದೆ ಮಾರ್ಬರ್ಗ್, ಸ್ಟ್ರಾಸ್‌ಬರ್ಗ್, ಕಾರ್ಲ್ಸ್‌ರೂ ಮತ್ತು ಟ್ಯೂಬಿಂಗನ್‌ಗಳಲ್ಲಿ ಪ್ರಾಧ್ಯಾಪಕರಾಗಿದ್ದು, 1895ರಲ್ಲಿ ಸ್ಟ್ರಾಸ್‌ಬರ್ಗ್‌ನ ಭೌತವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಈಗ ಫ್ರಾನ್ಸಿನಲ್ಲಿರುವ ಈ ನಗರವು ಆಗ ಜರ್ಮನಿಗೆ ಸೇರಿತ್ತು.

ಸಂಶೋಧನೆಗಳು

ಕೆಲವು ಲೋಹ ಸಲ್ಫೈಡ್ ಸ್ಫಟಿಕಗಳು ವಿದ್ಯುತ್ತನ್ನು ಒಂದು ದಿಕ್ಕಿನಲ್ಲಿ ಸುಲಭವಾಗಿಯೂ ವಿರುದ್ಧ ದಿಕ್ಕಿನಲ್ಲಿ ಕಷ್ಟವಾಗಿಯೂ ಹರಿಯಬಿಡುವುದನ್ನು ಅವರು 1874ರಲ್ಲಿ ಗುರುತಿಸಿದರು. ಅರೆವಾಹಕ ಡಯೋಡಿನ ಇತಿಹಾಸ ಆರಂಭವಾಗುವುದು ಇಲ್ಲಿಂದ. ವಿದ್ಯುತ್ತಿನ ಏರಿಳಿತವನ್ನು ಕಣ್ಣಿಗೆ ಕಾಣಿಸುವ ಕ್ಯಾಥೋಡ್ ಕಿರಣ ನಳಿಕೆಯನ್ನು 1897ರಲ್ಲಿ ರೂಪಿಸಿದರು. ಜರ್ಮನ್ ಭಾಷೆಯಲ್ಲಿ ಇದಕ್ಕೆ ಇಂದಿಗೂ ಬ್ರೌನ್ ನಳಿಕೆ ಎಂಬ ಹೆಸರಿದೆ.

1898ರ ಹೊತ್ತಿಗೆ ಅವರ ಗಮನ ನಿಸ್ತಂತು ಸಂಪರ್ಕದತ್ತ ಹರಿಯಿತು. ಮಾರ್ಕೋನಿಯವರ ಮೊದಲ ಪ್ರೇಷಕಗಳಲ್ಲಿ ಕಿಡಿ ಹಾರುವ ಅಂತರವು ಆಂಟೆನಾದಲ್ಲಿಯೇ ಇದ್ದು, ಶಕ್ತಿ ಬೇಗನೆ ಕುಗ್ಗುತ್ತಿತ್ತು. ಬ್ರೌನ್ ಅವರು ಕಿಡಿಯನ್ನು ಪ್ರತ್ಯೇಕ ಮಂಡಲದಲ್ಲಿರಿಸಿ, ಕಾಂತೀಯ ಪ್ರೇರಣೆಯ ಮೂಲಕ ಆಂಟೆನಾಕ್ಕೆ ಶಕ್ತಿಯನ್ನು ಸಾಗಿಸಿದರು. ಇದರಿಂದ ಪ್ರಸಾರದ ದೂರ ಹೆಚ್ಚಿತು. 1900ರಲ್ಲಿ ಕುಕ್ಸ್‌ಹಾಫನ್‌ನಿಂದ ಹೆಲಿಗೊಲಾಂಡ್ ದ್ವೀಪದವರೆಗೆ, ಸಮುದ್ರದ ಮೇಲೆ ಸುಮಾರು 62 ಕಿ.ಮೀ. ದೂರಕ್ಕೆ ಸಂಪರ್ಕ ಸಾಧ್ಯವಾಯಿತು.

ಮೂರು ಆಂಟೆನಾಗಳ ಪ್ರಯೋಗ

ನೆಟ್ಟಗೆ ನಿಲ್ಲಿಸಿದ ಒಂಟಿ ಆಂಟೆನಾ ಸುತ್ತಲೂ ಸಮನಾಗಿ ಅಲೆಗಳನ್ನು ಹರಡುತ್ತದೆ. ಬೇಡದ ದಿಕ್ಕಿಗೂ ಶಕ್ತಿ ಪೋಲಾಗುತ್ತದೆ. ಬ್ರೌನ್ ಅವರು ಮೂರು ಆಂಟೆನಾಗಳನ್ನು ತ್ರಿಕೋನದ ಮೂಲೆಗಳಲ್ಲಿ ನಿಲ್ಲಿಸಿದರು. ಎರಡಕ್ಕೆ ಒಂದೇ ಸಮಯಕ್ಕೆ, ಇನ್ನೊಂದಕ್ಕೆ ಕಂಪನದ ಒಂದಂಶದಷ್ಟು ಅಂತರವಿಟ್ಟು ವಿದ್ಯುತ್ ಆಂದೋಲನವನ್ನು ನೀಡಿದರು. ಅಲೆಯ ಉಬ್ಬು ಉಬ್ಬನ್ನು ಕೂಡಿದ ದಿಕ್ಕಿನಲ್ಲಿ ಸಂಕೇತ ಬಲಗೊಂಡಿತು. ಉಬ್ಬು ತಗ್ಗನ್ನು ಕೂಡಿದ ದಿಕ್ಕಿನಲ್ಲಿ ಕ್ಷೀಣಿಸಿತು. ಮೂರರ ಪಾತ್ರಗಳನ್ನು ಅದಲುಬದಲು ಮಾಡಿದಾಗ, ಯಾವುದನ್ನೂ ಕದಲಿಸದೆಯೇ ಪ್ರಸಾರದ ದಿಕ್ಕು ಬದಲಾಯಿತು.

ಕೊನೆಯ ದಿನಗಳು

ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ, ನಿಸ್ತಂತು ಪೇಟೆಂಟ್ ವ್ಯಾಜ್ಯವೊಂದರಲ್ಲಿ ಸಾಕ್ಷ್ಯ ನೀಡಲು ಬ್ರೌನ್ ಅವರು ನ್ಯೂಯಾರ್ಕಿಗೆ ಪ್ರಯಾಣ ಮಾಡಿದರು. 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿದುದರಿಂದ ಶತ್ರುರಾಷ್ಟ್ರದ ಪ್ರಜೆಯಾಗಿ ಅಲ್ಲಿಯೇ ಉಳಿಯಬೇಕಾಯಿತು. ದೂರದೇಶಗಳನ್ನು ಬೆಸೆಯಲು ಶ್ರಮಿಸಿದ ವಿಜ್ಞಾನಿ ತಾಯ್ನಾಡಿಗೆ ಮರಳಲಾಗದೆ, ಯುದ್ಧ ಮುಗಿಯುವ ಮೊದಲೇ ಬ್ರೂಕ್ಲಿನ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಅನಂತರ ಫುಲ್ಡಾದಲ್ಲಿ ಇರಿಸಲಾಯಿತು.

ಪ್ರಭಾವ

ಆಂಟೆನಾಗಳ ನಡುವಿನ ಕಾಲಾಂತರವನ್ನು ನಿಖರವಾಗಿ ನಿಯಂತ್ರಿಸುವ ಸಾಧನಗಳು ಬ್ರೌನ್ ಅವರ ಕಾಲದಲ್ಲಿ ಇರಲಿಲ್ಲ. ಈ ತತ್ತ್ವವು ಮುಂದೆ ರೇಡಾರ್‌ಗಳಲ್ಲಿ ಫಲ ನೀಡಿತು. 5ಜಿ ಗೋಪುರಗಳಲ್ಲಿ ಹತ್ತಾರು ಚಿಕ್ಕ ಆಂಟೆನಾಗಳು ಇದೇ ರೀತಿ ಕೂಡಿ, ಬಳಕೆದಾರನ ಫೋನಿನತ್ತಲೇ ಅಲೆಗಳನ್ನು ಕೇಂದ್ರೀಕರಿಸುತ್ತವೆ.

ಫೋನಿನೊಳಗೂ ಒಂದಕ್ಕಿಂತ ಹೆಚ್ಚು ಆಂಟೆನಾಗಳಿರುತ್ತವೆ. ಅಲೆಗಳು ಕಟ್ಟಡಗಳಿಗೆ ಬಡಿದು ಹಲವು ದಾರಿಗಳಿಂದ ಬರುವಾಗ, ಒಂದು ಆಂಟೆನಾದಲ್ಲಿ ಸಂಕೇತ ಕುಗ್ಗಿದರೂ ಮತ್ತೊಂದರಲ್ಲಿ ಅದು ಬಲವಾಗಿರಬಹುದು. ಗೋಪುರದಲ್ಲಿಯೂ ಫೋನಿನಲ್ಲಿಯೂ ಹಲವು ಆಂಟೆನಾಗಳಿದ್ದರೆ, ಒಂದೇ ಆವರ್ತಾಂಕದಲ್ಲಿ ಹಲವು ದತ್ತಾಂಶ ಧಾರೆಗಳನ್ನು ಏಕಕಾಲದಲ್ಲಿ ಕಳುಹಿಸಬಹುದು. ಮೈಮೊ ಎಂದು ಕರೆಯಲಾಗುವ ಈ ವಿಧಾನ 1990ರ ದಶಕದಲ್ಲಿ ರೂಪುಗೊಂಡಿತು. ಇದು ಬ್ರೌನ್ ಅವರ ಆವಿಷ್ಕಾರವಲ್ಲ. ಆದರೆ ಒಂದು ಆಂಟೆನಾದಿಂದ ಆಗದ ಕೆಲಸವನ್ನು ಹಲವು ಆಂಟೆನಾಗಳು ಹೊಂದಿಕೆಯಿಂದ ಮಾಡಬಲ್ಲವೆಂಬುದನ್ನು ಅವರ ಪ್ರಯೋಗ ಬಹು ಮೊದಲೇ ತೋರಿಸಿಕೊಟ್ಟಿತ್ತು.