ಆಂಟೆನಾ ಉದ್ದವಿದ್ದಷ್ಟೂ ದೂರ ಕೇಳಿಸುತ್ತದೆಯೇ? ಮಾರ್ಕೋನಿಯ ಹಡಗಿನ ಕಥೆ

ದೋಣಿಯ ವಿಎಚ್‌ಎಫ್ ರೇಡಿಯೋಗೆ ಉದ್ದದ ಆಂಟೆನಾ ಹಾಕಿ, ವಾಟ್ ಜಾಸ್ತಿ ಕೊಟ್ಟರೆ ಎಷ್ಟು ದೂರ ಬೇಕಾದರೂ ಮಾತಾಡಬಹುದು ಎಂಬ ನಂಬಿಕೆ ಹಲವರಲ್ಲಿದೆ. ಒಂದು ಕಾಲದಲ್ಲಿ ಈ ಮಾತಿಗೆ ಆಧಾರವೂ ಇತ್ತು. ಅದನ್ನು ತಿಳಿಯಲು ನಾವು ಗುಲ್ಯೆಲ್ಮೊ ಮಾರ್ಕೋನಿಯವರ ಬದುಕನ್ನು ನೋಡಬೇಕು.

1874ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಹುಟ್ಟಿದ ಮಾರ್ಕೋನಿ ಕಾಲೇಜು ಪದವಿ ಪಡೆದವರಲ್ಲ. 1895ರಲ್ಲಿ ಮನೆಯ ಬಳಿ ಪ್ರಯೋಗ ಮಾಡುತ್ತಾ ತಂತಿಯನ್ನು ಎತ್ತರದ ಕಂಬಕ್ಕೇರಿಸಿ, ಇನ್ನೊಂದು ಕೊನೆಯನ್ನು ನೆಲಕ್ಕೆ ಜೋಡಿಸಿದರು. ಸಂಕೇತ ಗುಡ್ಡ ದಾಟಿ ಸುಮಾರು 2 ಕಿ.ಮೀ. ಹೋಯಿತು. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಸುಮಾರು 150 ಮೀಟರ್ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದರು. ಇಂಗ್ಲೆಂಡಿನಿಂದ ಕಳಿಸಿದ ಸಂಕೇತ ಅಲ್ಲಿ ಕೇಳಿಸಿತು ಎಂದರು. ಇದನ್ನು ಅನುಮಾನಿಸುವ ತಜ್ಞರು ಇಂದಿಗೂ ಇದ್ದಾರೆ. (ರೇಡಿಯೋ ಮಾರ್ಕೋನಿ ಒಬ್ಬರದೇ ಸಾಧನೆಯೂ ಅಲ್ಲ. ಅದೇ ಕಾಲದಲ್ಲಿ ನಮ್ಮ ಜಗದೀಶಚಂದ್ರ ಬೋಸ್ ಕಲ್ಕತ್ತೆಯಲ್ಲಿ ರೇಡಿಯೋ ಅಲೆಗಳ ಪ್ರಯೋಗ ಮಾಡುತ್ತಿದ್ದರು.)

ಅವರು ಆಗ ಬಳಸಿದ್ದು ಉದ್ದ ಅಲೆಗಳು. ಮೇಲಿನ ವಾತಾವರಣದ ಅಯಾನುಗೋಳಕ್ಕೆ ತಗುಲಿ ಇವು ನೆಲಕ್ಕೆ ಮರಳುತ್ತವೆ, ಹಾಗಾಗಿ ಉದ್ದದ ತಂತಿ, ದೊಡ್ಡ ಶಕ್ತಿ ಎರಡೂ ಕೆಲಸಕ್ಕೆ ಬಂದವು. 1909ರಲ್ಲಿ ನೊಬೆಲ್ ಬಂತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ 700ಕ್ಕೂ ಹೆಚ್ಚು ಜನ ಉಳಿದದ್ದು ಅವರ ಕಂಪನಿಯ ರೇಡಿಯೋ ಕಳಿಸಿದ ಕರೆಯಿಂದ.

1919ರಲ್ಲಿ ಅವರು 'ಎಲೆತ್ರಾ' ಎಂಬ ಹಡಗು ಕೊಂಡು ಅದನ್ನೇ ಪ್ರಯೋಗಾಲಯ ಮಾಡಿಕೊಂಡರು. 1932ರಲ್ಲಿ ಕೇವಲ 57 ಸೆಂ.ಮೀ. ಉದ್ದದ ಅಲೆಗಳನ್ನು ಅದರಲ್ಲಿ ಪರೀಕ್ಷಿಸಿದರು. ದಿಗಂತದಾಚೆಗೂ ಸಂಕೇತ ಸಿಕ್ಕಿತು. ಆದರೆ ಇದು ಹವಾಮಾನವನ್ನು ಅವಲಂಬಿಸಿದ್ದು, ಜೀವ ಉಳಿಸಲು ನಂಬುವಂಥದ್ದಲ್ಲ. 1937ರ ಜುಲೈ 20ರಂದು ರೋಮ್‌ನಲ್ಲಿ ಮಾರ್ಕೋನಿ ತೀರಿಕೊಂಡರು. ಅವರ ಗೌರವಾರ್ಥ ಬ್ರಿಟನ್ನಿನ ರೇಡಿಯೋ ಕೇಂದ್ರಗಳು ಎರಡು ನಿಮಿಷ ಮೌನವಾದವು.

ಇಂದಿನ ದೋಣಿಗಳ ವಿಎಚ್‌ಎಫ್ ಅಲೆ ಸುಮಾರು 2 ಮೀಟರ್ ಉದ್ದದ್ದು. ಇದು ಅಯಾನುಗೋಳದಿಂದ ಸಾಮಾನ್ಯವಾಗಿ ಮರಳುವುದಿಲ್ಲ, ಹೆಚ್ಚುಕಡಿಮೆ ನೇರ ಹೋಗುತ್ತದೆ. ಎರಡು ದೋಣಿಗಳ ಆಂಟೆನಾ ನೀರಿನಿಂದ 4 ಮೀಟರ್ ಎತ್ತರದಲ್ಲಿದ್ದರೆ ಸುಮಾರು 16 ಕಿ.ಮೀ., 9 ಮೀಟರ್ ಎತ್ತರದಲ್ಲಿದ್ದರೆ ಸುಮಾರು 25 ಕಿ.ಮೀ. ಅಂದರೆ ಇಲ್ಲಿ ಮುಖ್ಯವಾಗುವುದು ಎತ್ತರ, ಉದ್ದವಲ್ಲ. ತೀರಾ ಉದ್ದದ ಆಂಟೆನಾ ಅಲೆಯನ್ನು ಚಪ್ಪಟೆ ತಟ್ಟೆಯಂತೆ ಹರಡುತ್ತದೆ. ದೋಣಿ ಹೊಯ್ದಾಡಿದಾಗ ಅದು ಒಂದು ಕಡೆ ಆಕಾಶಕ್ಕೆ, ಇನ್ನೊಂದು ಕಡೆ ನೀರಿಗೆ ಹೋಗಿಬಿಡುತ್ತದೆ. ಸಣ್ಣ ದೋಣಿಗೆ ಗಿಡ್ಡ ಆಂಟೆನಾವೇ ವಾಸಿ, ಆದರೆ ಅದು ಎತ್ತರದಲ್ಲಿರಲಿ.

ಇನ್ನೊಂದು ವಿಷಯ. ಅಪಾಯದ ಕರೆಗೆ ಮೀಸಲಾದ 16ನೇ ಚಾನಲ್ 156.8 ಮೆಗಾಹರ್ಟ್ಸ್‌ನಲ್ಲಿದೆ, ಹಡಗುಗಳ ಸ್ಥಾನ ತಿಳಿಸುವ ಎಐಎಸ್ 162ರ ಆಸುಪಾಸಿನಲ್ಲಿದೆ. ಎರಡಕ್ಕೂ ಒಂದೇ ಆಂಟೆನಾ ಬಳಸುವುದಾದರೆ, ಕೊಳ್ಳುವ ಮೊದಲು ಅದು ಈ ಇಡೀ ವ್ಯಾಪ್ತಿಗೆ ಹೊಂದುತ್ತದೆಯೇ ಎಂದು ಪೆಟ್ಟಿಗೆಯ ಮೇಲೆ ನೋಡಿಕೊಳ್ಳಿ.