ಸೈರನ್‌ಗೆ ಹೆಸರಿಟ್ಟವರು

ಸೈರನ್ ಅಂದ ಕೂಡಲೇ ನಮಗೆ ನೆನಪಾಗೋದು ಅಗ್ನಿಶಾಮಕ ದಳದ ಕೆಂಪು ಗಾಡಿ, ಕಾರ್ಖಾನೆಯ ಶಿಫ್ಟ್, ಇಲ್ಲಾಂದ್ರೆ ಯುದ್ಧದ ಸಿನಿಮಾ. 2025ರ ಮೇ 7ರಂದು ದೇಶದ ಹಲವು ಕಡೆ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದಾಗ ಬೆಂಗಳೂರಿನಲ್ಲೂ ಈ ಕೂಗು ಕೇಳಿತ್ತು. ಆದರೆ ಈ ಯಂತ್ರಕ್ಕೆ ಸೈರನ್ ಅಂತ ಹೆಸರಿಟ್ಟವರ ತಲೆಯಲ್ಲಿ ಬೆಂಕಿಯೂ ಇರಲಿಲ್ಲ, ಯುದ್ಧವೂ ಇರಲಿಲ್ಲ. ಅವರು ಯಾರನ್ನೂ ಎಚ್ಚರಿಸಲು ಹೊರಟಿರಲಿಲ್ಲ. ಒಂದು ಸ್ವರದಲ್ಲಿ ಸೆಕೆಂಡಿಗೆ ಎಷ್ಟು ಕಂಪನ ಇರುತ್ತೆ ಅಂತ ಎಣಿಸಬೇಕಿತ್ತು, ಅಷ್ಟೇ.

ಅವರ ಹೆಸರು ಶಾರ್ಲ್ ಕಾನ್ಯಾರ್ ದ ಲಾ ತೂರ್. ಹುಟ್ಟಿದ್ದು 1777ರ ಮಾರ್ಚ್ 31ರಂದು, ಪ್ಯಾರಿಸ್‌ನಲ್ಲಿ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಫ್ರಾನ್ಸಿನ ಮಹಾಕ್ರಾಂತಿ ಶುರುವಾಯಿತು. ಆ ಕ್ರಾಂತಿಯ ನಡುವೆಯೇ ಎಂಜಿನಿಯರ್‌ಗಳನ್ನು ತಯಾರು ಮಾಡಲು ಎಕೋಲ್ ಪಾಲಿಟೆಕ್ನಿಕ್ ಅನ್ನೋ ಕಾಲೇಜು ಹುಟ್ಟಿಕೊಂಡಿತು. ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಇವರೂ ಒಬ್ಬರು. ಮುಂದೆ ನಕಾಶೆ ತಯಾರಿಸುವ ಎಂಜಿನಿಯರ್‌ಗಳ ಶಾಲೆಯಲ್ಲೂ ಓದಿದರು. ಆಮೇಲೆ ಬ್ಯಾರನ್ ಅನ್ನೋ ಬಿರುದೂ ಬಂತು.

ಇವರು ಇವತ್ತು ನಮ್ಮ ಕಾಲೇಜಿಗೆ ಬಂದಿದ್ದರೆ ಯಾವ ಬ್ರಾಂಚ್‌ಗೆ ಸೇರಿಸೋದು ಅನ್ನೋದು ದೊಡ್ಡ ತಲೆನೋವಾಗ್ತಿತ್ತು. 1809ರಲ್ಲಿ ಅವರು ಮುಂದಿಟ್ಟ ಯಂತ್ರವನ್ನೇ ನೋಡಿ. ನೀರೆತ್ತುವ ಆರ್ಕಿಮಿಡಿಸ್ ಸ್ಕ್ರೂ ನಮಗೆಲ್ಲ ಗೊತ್ತು. ಅದನ್ನು ಉಲ್ಟಾ ತಿರುಗಿಸಿ, ಗಾಳಿಯನ್ನು ನೀರಿನ ಕೆಳಕ್ಕೆ ಒಯ್ಯುವ ಹಾಗೆ ಮಾಡಿದರು. ಕೆಳಗಿದ್ದದ್ದು ಬಿಸಿನೀರು. ಗಾಳಿ ಅಲ್ಲಿ ಕಾದು, ಹಿಗ್ಗಿ, ಗುಳ್ಳೆಯಾಗಿ ಮೇಲೇಳುವಾಗ ಒಂದು ಚಕ್ರವನ್ನು ತಿರುಗಿಸುತ್ತಿತ್ತು. ಅಂದರೆ ಅದೊಂದು ಹೀಟ್ ಎಂಜಿನ್. ಅದನ್ನು ಪರಿಶೀಲಿಸಿದ ಸಮಿತಿಯಲ್ಲಿ ಲಜಾರ್ ಕಾರ್ನೊ ಇದ್ದರು. ಥರ್ಮೋಡೈನಾಮಿಕ್ಸ್‌ನಲ್ಲಿ ನಾವೆಲ್ಲ ಬರೆದು ಬರೆದು ಸುಸ್ತಾಗೋ ಕಾರ್ನೊ ಸೈಕಲ್ ಇದೆಯಲ್ಲ, ಆ ಸಾದಿ ಕಾರ್ನೊ ಅವರ ತಂದೆ.

ಇನ್ನು ಸೈರನ್ನಿನ ಕಥೆ. ಆ ಕಾಲಕ್ಕೆ ಶಬ್ದ ಅಂದರೆ ಕಂಪನ ಅನ್ನೋದು ಹಳೆಯ ಸುದ್ದಿ. ಆದರೆ ಆ ಕಂಪನವನ್ನು ಎಣಿಸೋದು ಹೇಗೆ? ಆಸಿಲೋಸ್ಕೋಪ್ ಇಲ್ಲ, ಮೈಕ್ ಇಲ್ಲ, ಫೋನಿನ ಆ್ಯಪ್ ಅಂತೂ ಇಲ್ಲವೇ ಇಲ್ಲ. 17ನೇ ಶತಮಾನದಲ್ಲಿ ಮೆರ್ಸೆನ್ ಅನ್ನೋ ಪಾದ್ರಿ ತುಂಬಾ ಉದ್ದದ ತಂತಿ ಕಟ್ಟಿ, ಅದರ ನಿಧಾನದ ಅಲುಗಾಟವನ್ನು ಕಣ್ಣಲ್ಲೇ ಎಣಿಸಿ, ಚಿಕ್ಕ ತಂತಿಗೆ ಲೆಕ್ಕ ಹಾಕಿ ಹೇಳಿದ್ದರು. ಲೆಕ್ಕ ಏನೋ ಸರಿ, ಆದರೆ ಕಿವಿಗೆ ಬಿದ್ದ ಸ್ವರವನ್ನೇ ನೇರವಾಗಿ ಎಣಿಸಿದ ಹಾಗಾಗಲಿಲ್ಲ.

ಕಾನ್ಯಾರ್ ಸಮಸ್ಯೆಯನ್ನು ತಿರುಗಿಸಿ ಹಾಕಿದರು. ಇರುವ ಶಬ್ದವನ್ನು ಎಣಿಸೋದು ಕಷ್ಟ ಅಂದರೆ, ಎಣಿಕೆ ಗೊತ್ತಿರುವ ಶಬ್ದವನ್ನು ನಾವೇ ಹುಟ್ಟಿಸೋಣ. 1819ರಲ್ಲಿ ಅವರು ಪ್ರಕಟಿಸಿದ ಉಪಕರಣ ಹೀಗಿತ್ತು: ಗಾಳಿ ತುಂಬುವ ಒಂದು ಲೋಹದ ಡಬ್ಬಿ. ಅದರ ಮುಚ್ಚಳದಲ್ಲಿ ವೃತ್ತಾಕಾರವಾಗಿ ತೂತುಗಳು. ಅದರ ಮೇಲೆ, ಅಷ್ಟೇ ತೂತುಗಳಿರುವ, ತಿರುಗುವ ಒಂದು ತಟ್ಟೆ. ತೂತುಗಳು ಎದುರುಬದುರಾದಾಗ ಗಾಳಿ ಫುಸ್ ಅಂತ ಹೊರಗೆ ಬರುತ್ತೆ, ಸರಿದಾಗ ನಿಲ್ಲುತ್ತೆ. ತಟ್ಟೆ ಜೋರಾಗಿ ತಿರುಗಿದರೆ ಈ ಫುಸ್‌ಗಳೆಲ್ಲ ಸೇರಿ ಒಂದು ಸ್ವರ ಆಗುತ್ತೆ.

ಜಾಣತನ ಇನ್ನೂ ಇದೆ. ಕೆಳಗಿನ ತೂತುಗಳನ್ನು ಒಂದು ಕಡೆಗೆ ಓರೆಯಾಗಿ, ಮೇಲಿನವನ್ನು ಇನ್ನೊಂದು ಕಡೆಗೆ ಓರೆಯಾಗಿ ಕೊರೆದಿದ್ದರು. ಹಾಗಾಗಿ ಹೊರಗೆ ನುಗ್ಗುವ ಗಾಳಿಯೇ ತಟ್ಟೆಯನ್ನು ತಳ್ಳಿ ತಿರುಗಿಸುತ್ತಿತ್ತು, ಬೇರೆ ಮೋಟಾರು ಬೇಡ. ತಟ್ಟೆಯ ಅಚ್ಚಿಗೆ ಹಲ್ಲುಚಕ್ರಗಳ ಕೌಂಟರ್ ಜೋಡಿಸಿದರೆ ಎಷ್ಟು ಸುತ್ತು ಆಯಿತು ಅನ್ನೋದು ಮುಳ್ಳಿನಲ್ಲಿ ಕಾಣಿಸುತ್ತೆ. ಸೂತ್ರ ಎಷ್ಟು ಸುಲಭ ನೋಡಿ: ತೂತುಗಳ ಸಂಖ್ಯೆ ಗುಣಿಲೆ ಸೆಕೆಂಡಿನ ಸುತ್ತುಗಳು. 20 ತೂತು, ಸೆಕೆಂಡಿಗೆ 22 ಸುತ್ತು ಅಂದರೆ 440 ಹರ್ಟ್ಜ್. ಯಾವುದೋ ವಾದ್ಯದ ಸ್ವರಕ್ಕೆ ಸೈರನ್ನಿನ ಸ್ವರ ಕೂಡೋವರೆಗೆ ಗಾಳಿಯ ಒತ್ತಡ ಹೊಂದಿಸಿ, ಕೌಂಟರ್ ಓದಿದರೆ ಮುಗೀತು.

ಗಾಳಿಯನ್ನು ಕತ್ತರಿಸಿ ಶಬ್ದ ಮಾಡುವ ಉಪಾಯ ಪೂರ್ತಿ ಇವರದ್ದೇ ಅಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಸ್ಕಾಟ್ಲೆಂಡಿನ ಜಾನ್ ರಾಬಿಸನ್ 18ನೇ ಶತಮಾನದ ಕೊನೆಗೇ ತಿರುಗುವ ನಲ್ಲಿಯಿಂದ ಗಾಳಿಯನ್ನು ತುಂಡರಿಸಿ ಸ್ವರ ಹುಟ್ಟಿಸಿದ್ದರು. ಅದನ್ನು ಅಳೆಯುವ ಉಪಕರಣ ಮಾಡಿದ್ದು ಮತ್ತು ಹೆಸರು ಕೊಟ್ಟಿದ್ದು ಕಾನ್ಯಾರ್. ಆ ಹೆಸರು ಬಂದದ್ದು ಗ್ರೀಕ್ ಪುರಾಣದಿಂದ. ಸೈರನ್‌ಗಳು ಅಂದರೆ ಹಾಡಿನಿಂದ ನಾವಿಕರನ್ನು ಮರುಳು ಮಾಡಿ, ಹಡಗನ್ನು ಬಂಡೆಯ ಕಡೆಗೆ ಸೆಳೆಯುವ ಮೋಹಿನಿಯರು. ಈ ಉಪಕರಣ ಗಾಳಿಯಲ್ಲಿ ಮಾತ್ರ ಅಲ್ಲ, ನೀರಿನೊಳಗೆ ಮುಳುಗಿಸಿ ನೀರನ್ನೇ ಹಾಯಿಸಿದರೂ ಹಾಡುತ್ತಿತ್ತು. ನೀರಲ್ಲೂ ಹಾಡುವುದಕ್ಕೆ ಅವರು ಆ ಹೆಸರು ಇಟ್ಟರು.

ಮೂರು ವರ್ಷ ಆದಮೇಲೆ ಇದೇ ಕಿವಿ ಇನ್ನೊಂದು ಕೆಲಸ ಮಾಡಿತು. ಮುಚ್ಚಿದ ಪಾತ್ರೆಯಲ್ಲಿ ದ್ರವವನ್ನು ಕಾಯಿಸುತ್ತಲೇ ಹೋದರೆ ಏನಾಗುತ್ತೆ? ಒಳಗೆ ನೋಡೋ ಹಾಗಿಲ್ಲ, ಒತ್ತಡಕ್ಕೆ ಸಿಡಿದರೆ ಕಥೆ ಮುಗೀತು. 1822ರಲ್ಲಿ ಕಾನ್ಯಾರ್ ಬಂದೂಕಿನ ನಳಿಕೆಯ ದಪ್ಪ ತುದಿಯಲ್ಲಿ ಆಲ್ಕೋಹಾಲ್ ತುಂಬಿ, ಚಕಮಕಿ ಕಲ್ಲಿನ ಒಂದು ಗುಂಡನ್ನು ಒಳಗೆ ಹಾಕಿ, ಭದ್ರವಾಗಿ ಮುಚ್ಚಿ ಕಾಯಿಸಿದರು. ನಳಿಕೆಯನ್ನು ಆಚೀಚೆ ವಾಲಿಸಿದಾಗ ಗುಂಡು ಉರುಳಿ ದ್ರವಕ್ಕೆ ಬೀಳುವ ಶಬ್ದ ಕೇಳುತ್ತಿತ್ತು. ಕಾವು ಒಂದು ಹಂತ ದಾಟಿದ ಮೇಲೆ ಆ ಶಬ್ದ ಬದಲಾಯಿತು. ಗುಂಡು ಉರುಳುತ್ತಿತ್ತು, ಆದರೆ ದ್ರವಕ್ಕೆ ಬೀಳುವ ಸದ್ದೇ ಇಲ್ಲ. ಒಳಗೆ ದ್ರವ ಅನ್ನೋದೇ ಉಳಿದಿರಲಿಲ್ಲ.

ಆಮೇಲೆ ದಪ್ಪ ಗಾಜಿನ ಕೊಳವೆಗಳಲ್ಲಿ ಅದನ್ನೇ ಕಣ್ಣಾರೆ ನೋಡಿದರು. ದ್ರವಕ್ಕೂ ಆವಿಗೂ ನಡುವಿನ ಗೆರೆ ಅಳಿಸಿಹೋಗುತ್ತಿತ್ತು. ಈಥರ್, ಆಲ್ಕೋಹಾಲ್, ನೀರು ಎಲ್ಲದರಲ್ಲೂ ಪರೀಕ್ಷೆ ಮಾಡಿದರು. ಬಿಸಿಯಾದ ನೀರು ಗಾಜನ್ನೇ ತಿಂದುಹಾಕುತ್ತಿದ್ದರಿಂದ ಅದೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಇದನ್ನೇ 1869ರಲ್ಲಿ ಥಾಮಸ್ ಆಂಡ್ರ್ಯೂಸ್ ಕ್ರಿಟಿಕಲ್ ಪಾಯಿಂಟ್ ಅಂತ ಕರೆದರು, ನಮ್ಮ ಪಠ್ಯದಲ್ಲೂ ಅದೇ ಹೆಸರು ಉಳಿದಿದೆ. ನೀರಿಗೆ ಅದು ಸುಮಾರು 374 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಯರಮರಸ್ ಮತ್ತು ವಿಜಯಪುರ ಜಿಲ್ಲೆಯ ಕೂಡಗಿಯ ವಿದ್ಯುತ್ ಸ್ಥಾವರಗಳಲ್ಲಿ ತಲಾ 800 ಮೆಗಾವಾಟ್‌ನ ಘಟಕಗಳು ನಡೆಯೋದು ಈ ಗಡಿಯನ್ನು ದಾಟಿದ ಸೂಪರ್‌ಕ್ರಿಟಿಕಲ್ ಬಾಯ್ಲರ್‌ಗಳಲ್ಲಿ. ನಾವು ಹಾಸ್ಟೆಲ್‌ನಲ್ಲಿ ಸ್ವಿಚ್ ಒತ್ತಿದಾಗ ಉರಿಯೋ ದೀಪಕ್ಕೂ ಆ ಕಲ್ಲಿನ ಗುಂಡಿಗೂ ಒಂದು ನಂಟಿದೆ.

ಅರವತ್ತರ ಹೊತ್ತಿಗೆ ಅವರು ಮೈಕ್ರೋಸ್ಕೋಪ್ ಹಿಡಿದರು. ಬಿಯರ್ ಹುದುಗಿಸುವ ಯೀಸ್ಟ್ ಆಗ ಬರೀ ಒಂದು ರಾಸಾಯನಿಕ ಪದಾರ್ಥ ಅನ್ನೋ ನಂಬಿಕೆ ಇತ್ತು. ಕಾನ್ಯಾರ್ ನೋಡಿದಾಗ ಅವು ಪುಟ್ಟ ಪುಟ್ಟ ಗೋಳಗಳು, ಮೊಗ್ಗಿನ ಹಾಗೆ ಒಡೆದು ಮರಿ ಹಾಕುತ್ತಿದ್ದವು. 1837ರಲ್ಲಿ ಯೀಸ್ಟ್ ಜೀವಂತ, ಹುದುಗುವಿಕೆ ಅದರ ಬದುಕಿನ ಫಲ ಅಂತ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತಿಳಿಸಿದರು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಶ್ವಾನ್ ಮತ್ತು ಕ್ಯುಟ್ಸಿಂಗ್ ತಮ್ಮ ತಮ್ಮ ದಾರಿಯಲ್ಲಿ ಇದನ್ನೇ ಕಂಡುಕೊಂಡಿದ್ದರು. ಬಹುಮಾನ ಏನು ಸಿಕ್ಕಿತು ಗೊತ್ತಾ? ಲೀಬಿಗ್ ಮತ್ತು ವ್ಯೋಲರ್, ಅಂದರೆ ಆ ಕಾಲದ ರಸಾಯನಶಾಸ್ತ್ರದ ಘಟಾನುಘಟಿಗಳು, 1839ರಲ್ಲಿ ಹೆಸರು ಹಾಕದೆ ಒಂದು ವ್ಯಂಗ್ಯ ಬರಹ ಪ್ರಕಟಿಸಿದರು. ಸಕ್ಕರೆ ನುಂಗಿ ಆಲ್ಕೋಹಾಲ್ ವಿಸರ್ಜಿಸೋ ಪುಟಾಣಿ ಪ್ರಾಣಿಗಳು ಅಂತ ಯೀಸ್ಟನ್ನು ಚಿತ್ರಿಸಿ ನಕ್ಕರು. ಈ ವಾದ ಗೆಲ್ಲೋಕೆ ಲೂಯಿ ಪಾಶ್ಚರ್ ಬರಬೇಕಾಯಿತು.

ಕಾನ್ಯಾರ್ ಎದುರುಬಿದ್ದು ಜಗಳಕ್ಕಿಳಿದವರಾಗಿ ಪ್ರಸಿದ್ಧರಾಗಲಿಲ್ಲ. ಮನುಷ್ಯರ ಗಂಟಲು ಸ್ವರವನ್ನು ಹೇಗೆ ಹೊರಡಿಸುತ್ತೆ ಅಂತ ಹುಡುಕುತ್ತಾ ಮತ್ತೆ ಶಬ್ದದ ಕೆಲಸಕ್ಕೇ ಮರಳಿದರು. ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಸಿಕ್ಕಿದ್ದು ಎಪ್ಪತ್ತು ದಾಟಿದ ಮೇಲೆ. 1859ರ ಜುಲೈ 5ರಂದು ಪ್ಯಾರಿಸ್‌ನಲ್ಲೇ ತೀರಿಕೊಂಡರು.

ಅವರು ಹೋದ ಮೇಲೆ ಸೈರನ್ ಲ್ಯಾಬ್ ಬಿಟ್ಟು ಬೀದಿಗೆ ಬಂತು. ಹೆಲ್ಮ್‌ಹೋಲ್ಟ್ಜ್ ಜೋಡಿ ಸೈರನ್ ಮಾಡಿ ಸ್ವರಮೇಳದ ಗುಟ್ಟು ಹುಡುಕಿದರು, ಅದು ಇನ್ನೂ ಲ್ಯಾಬಿನ ಕೆಲಸವೇ. ಆದರೆ 1873ರಲ್ಲಿ ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭದ ಬಳಿ ಜಾನ್ ಟಿಂಡಲ್ ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸಲು ಯಾವ ಶಬ್ದ ಒಳ್ಳೆಯದು ಅಂತ ಪರೀಕ್ಷೆ ಶುರುಮಾಡಿದಾಗ, ಉಗಿಯಿಂದ ಕೂಗುವ ಸೈರನ್ ಮುಂದೆ ನಿಂತಿತು. ಪುರಾಣದ ಸೈರನ್ ಹಡಗನ್ನು ಬಂಡೆಗೆ ಎಳೆದರೆ, ಈ ಸೈರನ್ ಬಂಡೆಯಿಂದ ದೂರ ಕಳಿಸಿತು! ಹೆಸರಿಟ್ಟವರು ಇದನ್ನು ನೋಡಲು ಉಳಿದಿರಲಿಲ್ಲ.

ಆಮೇಲೆ ವಿದ್ಯುತ್ ಮೋಟಾರ್ ಬಂತು, ಅಗ್ನಿಶಾಮಕ ಠಾಣೆಗಳ ಮೇಲೆ, ಯುದ್ಧಕಾಲದಲ್ಲಿ ಊರೂರ ಛಾವಣಿಗಳ ಮೇಲೆ ಸೈರನ್ ಏರಿತು. ಒಳಗಿನ ತತ್ವ ಮಾತ್ರ ಅದೇ, ಕಿಂಡಿಗಳಿರುವ ಒಂದು ರೋಟರ್, ಸುತ್ತಲೂ ಕಿಂಡಿಗಳಿರುವ ಒಂದು ಸ್ಟೇಟರ್. 50 ಹರ್ಟ್ಜ್‌ನ ಎರಡು ಪೋಲ್ ಮೋಟಾರ್ ಸ್ಲಿಪ್ ಕಳೆದು ನಿಮಿಷಕ್ಕೆ 2,880 ಸುತ್ತು ತಿರುಗಿದರೆ ಸೆಕೆಂಡಿಗೆ 48 ಸುತ್ತು. 10 ಕಿಂಡಿ ಇದ್ದರೆ 480 ಹರ್ಟ್ಜ್, 12 ಇದ್ದರೆ 576. ಈ ಎರಡೂ ಸಾಲು ಒಟ್ಟಿಗೆ ಇರೋ ಸೈರನ್‌ಗಳೂ ಇವೆ. ಸೈರನ್ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯೋದು ಯಾರೋ ಕೂರಿಸಿದ ರಾಗ ಅಲ್ಲ. ರೋಟರ್ ತೂಕದ್ದು, ವೇಗ ಹಿಡಿಯಲು ಸಮಯ ಬೇಕು, ಕರೆಂಟ್ ತೆಗೆದರೂ ಕೂಡಲೇ ನಿಲ್ಲಲ್ಲ. ಆ ಗೋಳಿನ ಹಿಂದೆ ಇರೋದು ನಮ್ಮ ಮೊದಲ ವರ್ಷದ ಮೊಮೆಂಟ್ ಆಫ್ ಇನರ್ಶಿಯಾ.

ಈಗ ಸ್ಪೀಕರ್‌ನಿಂದ ಕೂಗುವ ಎಲೆಕ್ಟ್ರಾನಿಕ್ ಸೈರನ್‌ಗಳು ಬಂದಿವೆ. ಆದರೂ ಅಮೆರಿಕ, ಯುರೋಪಿನಲ್ಲಿ ಹಳೆಯ ಮೆಕ್ಯಾನಿಕಲ್ ಸೈರನ್‌ಗಳನ್ನು ಹುಡುಕಿ, ತುಕ್ಕು ತೆಗೆದು, ಬೇರಿಂಗ್ ಬದಲಿಸಿ ಮತ್ತೆ ಕೂಗಿಸುವ ಹವ್ಯಾಸಿಗಳಿದ್ದಾರೆ. 1950ರ ದಶಕದಲ್ಲಿ ಕ್ರೈಸ್ಲರ್ ಕಂಪನಿ ಕಾರಿನ ವಿ8 ಎಂಜಿನ್ ಜೋಡಿಸಿ ಮಾಡಿದ ದೈತ್ಯ ಸೈರನ್ ಅಂದರೆ ಅವರಿಗೆ ಪ್ರಾಣ. ಕಿಂಡಿ ಎಣಿಸಿ, ವೇಗ ಅಳೆದು, ಇದು ಇಂಥ ಸ್ವರ ಅಂತ ಹೇಳ್ತಾರೆ. ಅವರು ಮಾಡೋ ಗುಣಾಕಾರ 1819ರದ್ದೇ.

ಸೈರನ್ ಕೇಳಿದರೆ ಎಲ್ಲರ ಎದೆ ಝಲ್ ಅನ್ನುತ್ತೆ, ಅನ್ನಲೇಬೇಕು, ಅದರ ಕೆಲಸವೇ ಅದು. ಕಾನ್ಯಾರ್ ಅವರಿಗೆ ಮಾತ್ರ ಅದು ಸೆಕೆಂಡಿಗೆ ಎಷ್ಟು ಅನ್ನೋ ಪ್ರಶ್ನೆಯಾಗಿತ್ತು. ಉಳಿದವರು ಬರೀ ಕೇಳಿಸಿಕೊಂಡಿದ್ದನ್ನು ಅವರು ಎಣಿಸಿದರು. ನಮ್ಮ ಪುಸ್ತಕಗಳಲ್ಲಿ ಅವರ ಹೆಸರಿಲ್ಲ, ಆದರೆ ಫಿಸಿಕ್ಸ್, ಥರ್ಮೋಡೈನಾಮಿಕ್ಸ್, ಬಯಾಲಜಿ ಮೂರರಲ್ಲೂ ಅವರ ಕೆಲಸ ಇದೆ. ಮುಂದಿನ ಸಲ ಸೈರನ್ ಕೂಗಿದಾಗ ಮೊದಲು ಸುರಕ್ಷಿತ ಜಾಗಕ್ಕೆ ಹೋಗೋಣ. ಆಮೇಲೆ ಅದರಲ್ಲಿ ಎಷ್ಟು ಕಿಂಡಿ ಇರಬಹುದು ಅಂತ ಲೆಕ್ಕ ಹಾಕೋಣ.